ಹಾರ್ಮುಜ್ ಬಗ್ಗೆ ಮೇಷ್ಟ್ರ ಸಲಹೆ

ಮದ್ದೂರು
2 ಜೂನ್ 2025

ಸಿದ್ದರಾಜು,

ನಾನು ಕ್ಷೇಮ. ನೀನೂ ಕ್ಷೇಮವಾಗಿಯೇ ಇರುತ್ತೀಯ, ನಿನಗೇನು ಕೇಡು. ಇದು ನಾನಾಗಿ ಬರೆಯುತ್ತಿರುವ ಕಾಗದವಲ್ಲ, ನಮ್ಮ ಪ್ರಿನ್ಸಿಪಾಲರು ಬರೆಸುತ್ತಿರುವುದು ಎಂದು ಮೊದಲೇ ಹೇಳಿಬಿಡುತ್ತೇನೆ.

ಈ ಸಲ ಕಾಲೇಜಿನ ವಾಣಿಜ್ಯ ಸಂಘದ ಉದ್ಘಾಟನೆಗೆ 'ತೈಲ ಮತ್ತು ಜಗತ್ತು' ಎಂದು ವಿಷಯ ಇಟ್ಟಿದ್ದಾರೆ. ವಿಷಯ ಸೂಚಿಸಿದವನು ನಾನು. ಇಪ್ಪತ್ತಾರು ವರ್ಷದಿಂದ ಅದನ್ನು ಪಾಠ ಮಾಡುತ್ತಿರುವವನೂ ನಾನು. ಎಪ್ಪತ್ತಮೂರರಲ್ಲಿ ಅರಬ್ ದೇಶಗಳು ಎಣ್ಣೆ ಕೊಡುವುದಿಲ್ಲ ಎಂದು ಹಟ ಹಿಡಿದದ್ದು, ಬೆಲೆ ನಾಲ್ಕು ಪಟ್ಟಾದದ್ದು, ದೊಡ್ಡ ದೊಡ್ಡ ದೇಶಗಳ ಕಾರುಗಳು ಬಂಕಿನ ಮುಂದೆ ಸಾಲು ನಿಂತದ್ದು, ಎಲ್ಲ ನನಗೆ ಬಾಯಿಪಾಠ. ಭಾಷಣ ಯಾರು ಮಾಡುವುದು ಎಂಬ ಮಾತು ಬಂದಾಗ ನಾನು ಕನ್ನಡಕ ಒರೆಸಿಕೊಂಡು ನೆಟ್ಟಗೆ ಕೂತೆ. ಪ್ರಿನ್ಸಿಪಾಲರು ನನ್ನ ಕಡೆಗೇ ತಿರುಗಿದರು. "ಅಪ್ಪಾಜಿಯವರೇ, ಶಿವಪುರದ ಸಿದ್ದರಾಜು ನಿಮ್ಮ ಫ್ರೆಂಡಲ್ವಾ? ಆಯಿಲ್ ಹಡಗಲ್ಲಿ ಇರೋರು? ಫೋನಲ್ಲೇ ಹತ್ತು ನಿಮಿಷ ಮಾತಾಡ್ಸಿ. ಮಕ್ಕಳಿಗೆ ಥ್ರಿಲ್ ಆಗುತ್ತೆ" ಅಂದರು.

ಥ್ರಿಲ್ಲಂತೆ! ಪಿಯುಸಿಯಲ್ಲಿ ಎರಡು ಸಲ ಡುಮ್ಕಿ ಹೊಡೆದವನು ನೀನು, ಅದೂ ಅರ್ಥಶಾಸ್ತ್ರದಲ್ಲೇ. ಪರೀಕ್ಷೆಯ ಹಿಂದಿನ ದಿನ ಬೇಡಿಕೆ, ಪೂರೈಕೆ ಗೆರೆಗಳನ್ನು ಸ್ಲೇಟಿನ ಮೇಲೆ ಬರೆದು ತೋರಿಸಿದವನು ನಾನು. ಅದನ್ನೂ ತಲೆಕೆಳಗು ಬರೆದು ಬಂದೆ. ಈಗ ನೀನು ಭಾಷಣಕಾರ, ನಾನು ನಿನಗೆ ಆಹ್ವಾನ ಕಳಿಸುವವನು.

ಇದು ಇವತ್ತಿನ ಕಥೆಯಲ್ಲ. ಉಕ್ರೇನ್ ಯುದ್ಧ ಶುರುವಾದ ವರ್ಷ ರಷ್ಯಾದ ಎಣ್ಣೆಯನ್ನು ನಾವು ಯಾಕೆ ಕೊಂಡೆವು ಅಂತ ಟೀ ಅಂಗಡಿಯಲ್ಲಿ ಎರಡು ದಿನ ವಿವರಿಸಿದೆ. ಅವರ ಎಣ್ಣೆಯನ್ನು ಪಾಶ್ಚಾತ್ಯರು ಬೇಡ ಅಂದರು, ಅಗ್ಗವಾಯಿತು, ನಾವು ಕೊಂಡೆವು, ಬೇಡ ಅಂದವರು ನಮ್ಮಲ್ಲಿ ಶುದ್ಧಿಯಾದ ಡೀಸೆಲನ್ನು ಕೊಂಡರು. ಎಷ್ಟು ಚೆನ್ನಾಗಿ ಹೇಳಿದೆ! ಕೇಳಿಸಿಕೊಂಡ ಕಬ್ಬಿನ ಮರಿಸಿದ್ದಯ್ಯ ಬೀಡಿ ಆರಿಸಿ, "ಅದ್ಸರಿ ಮೇಷ್ಟ್ರೇ, ಸಿದ್ದರಾಜು ಏನಂದ?" ಅಂದ. ಅವತ್ತು ನನಗೆ ಮೈಯೆಲ್ಲ ಉರಿಯಿತು ಕಣೋ. ನಿನ್ನ ಮಗಳು ತೇಜು ಈಗ ದ್ವಿತೀಯ ಪಿಯುಸಿ, ನನ್ನ ಕ್ಲಾಸಿನಲ್ಲಿ ಮುಂದಿನ ಬೆಂಚು. ಅವಳೂ ಎದ್ದು ನಿಲ್ಲುತ್ತಾಳೆ, "ನಮ್ಮಪ್ಪ ಹೇಳಿದ್ರು ಸಾರ್" ಅಂತ ಶುರು ಮಾಡುತ್ತಾಳೆ.

ಫೋನಿದ್ದೂ ಕಾಗದ ಬರೆದು ಅದರ ಫೋಟೊ ತೆಗೆದು ಕಳಿಸುವ ಹುಚ್ಚು ನಿನ್ನದೇ. ಹಡಗಿನಲ್ಲಿ ಮಾತು ತುಂಡು ತುಂಡಾಗುತ್ತದೆ, ಕಾಗದವಾದರೆ ಎರಡು ಸಲ ಓದಬಹುದು ಅಂದೆ. ಹಾಗಾಗಿ ಬರೆದಿದ್ದೇನೆ. ಭಾಷಣ ಮೂವತ್ತನೇ ತಾರೀಕು. ಫೋನಿಗೆ ಬರುತ್ತೀಯೋ ಇಲ್ಲವೋ ತಿಳಿಸು. ಬರದಿದ್ದರೆ ನನಗೇನೂ ಬೇಜಾರಿಲ್ಲ.

ಇಂತಿ,
ಅಪ್ಪಾಜಿ, ಎಂ.ಎ.

*

ಅರಬ್ಬಿ ಸಮುದ್ರ
8 ಜೂನ್ 2025

ಲೇ ಅಪ್ಪಾಜಿ,

ನಿನ್ ಕಾಗ್ದ ಓದಿ ನಕ್ಕೂ ನಕ್ಕೂ ಸಾಕಾಯ್ತು. ಉರ್ಕೊಂಡು ಕೂತಿದ್ದೀಯ ಕಣ್ಲಾ. ಸಹಿ ಕೆಳಗೆ ಎಂ.ಎ. ಬೇರೆ ಹಾಕಿದ್ದೀಯ, ನಂಗೆ ಗೊತ್ತಿಲ್ವಾ?

ನಾನೇನ್ಲಾ ಭಾಸ್ಣ ಮಾಡ್ಲಿ? ನಾನು ಪಂಪ್‌ಮನ್ನು. ಎಣ್ಣೆ ತುಂಬೋವಾಗ ವಾಲ್ವ್ ತಿರುಗುಸ್ತೀನಿ, ಇಳ್ಸೋವಾಗ ವಾಲ್ವ್ ತಿರುಗುಸ್ತೀನಿ. ಇಷ್ಟು ವರ್ಸದಲ್ಲಿ ಎಣ್ಣೇನ ಕಣ್ತುಂಬ ನೋಡಿದ್ದೂ ಕಮ್ಮಿ, ಬರೀ ವಾಸ್ನೆ. ಹೋದ್ ವರ್ಸ ರಸ್ಯಾದಲ್ಲಿ ತುಂಬ್ಕೊಂಡು ಹೊಂಟ್ವಿ. ಹೊಂಟಾಗ ಒಂದು ಊರು ಯೋಳಿದ್ರು. ನಡು ನೀರಲ್ಲಿ ಎಣ್ಣೆ ಮಾರಾಟ ಆಯ್ತು, ಬೇರೆ ಕಡೆ ತಿರುಗ್ಸಿ ಅಂದ್ರು. ಇನ್ನೂ ಮುಟ್ಟಿಲ್ಲ, ಮತ್ತೆ ಮಾರಾಟ. ಯಾವ್ದೋ ದೇಸದಲ್ಲಿ ಯಾವನೋ ಸೈನ್ ಹಾಕೋಗಂಟ ಹದಿನೆಂಟು ದಿನ ನಿಂತ್ ಜಾಗ್ದಲ್ಲೇ ನಿಂತಿದ್ವಿ. ಸಂತೇಲಿ ಕಟ್ಟಾಕಿದ್ ಕರಾ ಇದ್ದಂಗೆ. ಯಾಕೆ ನಿಲ್ಸವ್ರೆ ಅಂತ ನಮ್ಗೆ ಯಾರೂ ಯೋಳಲ್ಲ. ಅದು ನಿಂಗೆ ಗೊತ್ತಿರ್ತದೆ.

ಭಾಸ್ಣ ನೀನೇ ಮಾಡು. ಸಿಗ್ನಲ್ ಸಿಗಾಕಿಲ್ವಂತೆ ಅಂತ ಪ್ರಿನ್ಸಿಪಾಲ್ರಿಗೆ ಯೋಳ್ಬುಡು. ತೇಜು ತಲೆಹರಟೆ ಮಾಡುದ್ರೆ ಎರಡು ಬಿಗಿ.

ನಿನ್ನ,
ಸಿದ್ದ

*

ಫುಜೈರಾ ಹೊರಗೆ, ಲಂಗರಲ್ಲಿ
16 ಜೂನ್ 2025

ಅಪ್ಪಾಜಿ,

ಪೇಪರಲ್ಲಿ ನೋಡಿರ್ತೀಯ. ಮೂರು ದಿನದಿಂದ ಇರಾನ್ ಮ್ಯಾಲೆ ಬಾಂಬು, ಅವ್ರದ್ದು ಇವ್ರ ಮ್ಯಾಲೆ. ನಾವು ಹಾರ್ಮುಜ್ ಬಾಗ್ಲಲ್ಲಿ ನಿಂತಿದ್ದೀವಿ. ಹಡಗು ಖಾಲಿ ಐತೆ, ಒಳಕ್ಕೋಗಿ ತುಂಬ್ಕೊಂಡು ಬರ್ಬೇಕು. ಜಿಪಿಎಸ್ಸಿಗೆ ಹುಚ್ಚು ಹಿಡ್ದದೆ. ನೀರಲ್ಲಿ ನಿಂತಿರೋ ಹಡಗ್ನ ಮರಳ್ಗಾಡ್ ನಡುವೆ ತೋರುಸ್ತದೆ. ನಗಾಡ್ಕೊಂಡು ನೋಡ್ತಿದ್ವಿ, ಈಗ ಯಾರೂ ನಗ್ತಿಲ್ಲ.

ಕಂಪನಿಯವ್ರು ಒಂದು ಕಾಗ್ದ ಕಳ್ಸವ್ರೆ. ಒಳಕ್ಕೆ ಬರಾಕೆ ಇಷ್ಟ ಇಲ್ದೋರು ಇಲ್ಲೇ ಇಳೀಬೋದು, ಊರಿಗೆ ಕಳ್ಸ್ತೀವಿ. ಬರೋರಿಗೆ ಆ ದಿನಗಳ್ಗೆ ಡಬಲ್ ಸಂಬ್ಳ. ಇಳ್ದೋರ್ನ ಮತ್ತೆ ಕರೀತೀವಿ ಅಂತಾಗ್ಲಿ, ಕರ್ಯಲ್ಲ ಅಂತಾಗ್ಲಿ ಬರ್ದಿಲ್ಲ. ಅದ್ರ ಅರ್ಥ ನಮ್ಗೆಲ್ಲ ಗೊತ್ತು. ನಂಗೆ ಐವತ್ತೆರಡು. ಒಂದ್ ಸಲ ಪಟ್ಟಿಯಿಂದ ಹೆಸ್ರು ಬುಟ್ಟೋದ್ರೆ ಮತ್ತೆ ಯಾವ ಹಡಗಿನವ್ನು ಕರೀತಾನೆ? ಮನೆಯಿಂದ ಸೋಮಿ ಫೋನ್ ಮಾಡಿ ಬರೀ ಅಳ್ತಾಳೆ, ಇಳಿ ಅಂತಲೂ ಅನ್ನಲ್ಲ, ಬೇಡ ಅಂತಲೂ ಅನ್ನಲ್ಲ.

ಇಲ್ಲಿ ಒಬ್ಬೊಬ್ರು ಒಂದೊಂದ್ ಯೋಳ್ತಾರೆ. ಯಾರ್ ಮಾತೂ ನಂಬಾಕಿಲ್ಲ. ನೀನು ಇದ್ನೇ ಓದ್ಕೊಂಡ್ ಬಂದೋನು. ಅವ್ರು ಈ ದಾರಿ ಮುಚ್ತಾರಾ? ನಮ್ಮಂತ ಹಡಗಿಗೆ ಹೊಡೀತಾರಾ? ಇಪ್ಪತ್ತನೇ ತಾರೀಕಿನೊಳ್ಗೆ ನಾನು ಯೋಳ್ಬೇಕು. ನೀನು ಓಗು ಅಂದ್ರೆ ಓಯ್ತೀನಿ, ಇಳಿ ಅಂದ್ರೆ ಇಳೀತೀನಿ. ಬೇರೆ ಯಾರ್ನೂ ಕೇಳಾಕಿಲ್ಲ.

ಸಿದ್ದರಾಜು

*

ಮದ್ದೂರು
18 ಜೂನ್ 2025

ಪ್ರಿಯ ಸಿದ್ದರಾಜು,

ನಿನ್ನ ಕಾಗದ ಬಂದಾಗಿನಿಂದ ಬೇರೆ ಕೆಲಸ ಮಾಡಿಲ್ಲ. ನೀನು ಕೇಳಿದ್ದಕ್ಕೆ ನೆಟ್ಟಗೆ ಉತ್ತರ ಕೊಡುತ್ತೇನೆ.

ನಕ್ಷೆ ನೋಡು. ನಿನ್ನ ಮುಂದಿರುವ ಆ ಇಕ್ಕಟ್ಟು ದಾರಿಯಲ್ಲಿ ಜಗತ್ತು ಉರಿಸುವ ಎಣ್ಣೆಯ ಐದನೇ ಒಂದು ಪಾಲು ಹೋಗುತ್ತದೆ. ಕುವೈತ್, ಇರಾಕ್, ಕತಾರಿನ ಸಮುದ್ರಕ್ಕೆ ಅದೊಂದೇ ಬಾಗಿಲು. ಬಾಗಿಲ ಚಿಲಕ ಯಾರ ಕೈಗೆ ಎಟುಕುತ್ತದೋ ಅವನಿಗೆ ದೊಡ್ಡ ಸೈನ್ಯ ಬೇಡ, ಚಿಲಕ ಮುಟ್ಟಿದರೆ ಸಾಕು, ದೂರದ ರಾಜಧಾನಿಗಳಲ್ಲಿ ಜನ ಬೆಚ್ಚಿಬೀಳುತ್ತಾರೆ. ಎಪ್ಪತ್ತಮೂರರಲ್ಲಿ ಹಾಗೇ ಆಯಿತು. ಎಂಬತ್ತರ ದಶಕದಲ್ಲಿ ಇರಾನ್ ಮತ್ತು ಇರಾಕ್ ಕಾದಾಡಿದಾಗ ಟ್ಯಾಂಕರುಗಳನ್ನೇ ಗುರಿಯಿಟ್ಟು ಹೊಡೆದರು. ನಿನ್ನಂಥವರೇ ಸತ್ತರು, ಅವರ ಹೆಸರು ಯಾವ ಪುಸ್ತಕದಲ್ಲೂ ಇಲ್ಲ. ಮೂಲೆಗೆ ತಳ್ಳಿದವನ ಕೈಯಲ್ಲಿ ಉಳಿಯುವ ಕೊನೆಯ ಆಯುಧ ಆ ಚಿಲಕ. ಅವನು ಅದನ್ನು ಹಾಕಿಯೇ ಹಾಕುತ್ತಾನೆ. ಒಳಗೆ ಹೋದ ಹಡಗು ಒಳಗೇ ಉಳಿಯುತ್ತದೆ. ಮುಂದಿನ ಪುಟಗಳಲ್ಲಿ ಒಂದೊಂದನ್ನೂ ಬಿಡಿಸಿ ಬರೆದಿದ್ದೇನೆ, ಸಾವಧಾನವಾಗಿ ಓದು.

ಇಳಿದು ಬಾ. ಇದು ಗೆಳೆಯನ ಮಾತೆಂದು ತಿಳಿಯಬೇಡ. ಗೆಳೆಯರು ಭಯದಿಂದ ಏನೇನೋ ಹೇಳುತ್ತಾರೆ. ಇದು ಓದಿ, ತೂಗಿ ನೋಡಿ ಹೇಳಿದ ಮಾತು. ಹಡಗು ಹೋದರೆ ಹೋಗಲಿ, ಶಿವಪುರದಲ್ಲಿ ನಿನಗೊಂದು ಮನೆಯಿದೆ, ಹೆಂಡತಿ ಮಗಳಿದ್ದಾರೆ.

ನನ್ನನ್ನೇ ಕೇಳಿದೆಯಲ್ಲ, ಅದಕ್ಕೆ ಏನು ಹೇಳಲಿ. ನಾಲ್ಕು ಪುಟ ಆಗಿಹೋಯಿತು.

ನಿನ್ನ ಶ್ರೇಯೋಭಿಲಾಷಿ,
ಅಪ್ಪಾಜಿ

*

ಮದ್ದೂರು
6 ಜುಲೈ 2025

ಸಿದ್ದರಾಜು,

ಇಷ್ಟು ಹತ್ತಿರದಲ್ಲಿರುವವನಿಗೆ ಕಾಗದ ಬರೆಯುವುದು ನಗೆಪಾಟಲು. ಆದರೆ ಎರಡು ಸಲ ಮನೆಗೆ ಬಂದರೂ ನೀನು ಸಿಗಲಿಲ್ಲ. "ಹೊಳಲಿಗೆ ಹೋಗವ್ರೆ, ಯಾರ್ದೋ ಪಂಪ್‌ಸೆಟ್ ಕೆಟ್ಟದಂತೆ" ಅಂದಳು ಸೋಮಮ್ಮ. ತೇಜು ಕೈಯಲ್ಲಿ ಕಳಿಸುತ್ತಿದ್ದೇನೆ.

ನೀನು ಬಂದ ದಿನವೇ ಕದನವಿರಾಮ ಆಗಬೇಕಿತ್ತೇ! ಹನ್ನೆರಡು ದಿನಕ್ಕೆ ಯುದ್ಧ ಮುಗಿಯಿತು, ಚಿಲಕ ಬೀಳಲಿಲ್ಲ, ನಿನ್ನ ಹಡಗು ಒಳಗೆ ಹೋಗಿ ತುಂಬಿಕೊಂಡು ಹೊರಗೂ ಬಂತು. ನಮ್ಮ ಬಂಕಿನಲ್ಲಿ ಪೆಟ್ರೋಲಿನ ರೇಟು ಒಂದು ಪೈಸೆ ಅಲುಗಲಿಲ್ಲ. ಇಂಥದ್ದನ್ನು ಯಾರು ತಾನೇ ಖಡಾಖಂಡಿತ ಹೇಳಬಲ್ಲರು? ಟೀ ಅಂಗಡಿಯಲ್ಲಿ ಜನ ನಿನ್ನನ್ನು ಹೆದರುಪುಕ್ಕಲ ಅನ್ನುತ್ತಿದ್ದಾರಂತೆ, ಕಿವಿಗೆ ಹಾಕಿಕೊಳ್ಳಬೇಡ.

ಮೂವತ್ತನೇ ತಾರೀಕು ಭಾಷಣ ನಾನೇ ಮಾಡಿದೆ. ನೀನು ಹಿಂದಿನ ಸಾಲಿನಲ್ಲಿ ಬಂದು ಕೂತದ್ದನ್ನು ನೋಡಿದೆ. ಸಭಾಂಗಣ ತುಂಬಿತ್ತು. ಒಬ್ಬರೂ ನಿನ್ನ ಕಡೆ ತಿರುಗಿ ನೋಡಲಿಲ್ಲ, ಒಬ್ಬರೂ ಸಿದ್ದರಾಜು ಏನಂದ ಅಂತ ಕೇಳಲಿಲ್ಲ. ಮುಗಿದ ಮೇಲೆ ಮೊದಲು ಚಪ್ಪಾಳೆ ಹೊಡೆದವನು ನೀನು. ಯಾಕೆ ಹೊಡೆದೆ?

ಈಗ ಮನೆಯಲ್ಲಿ ನನ್ನ ಹೆಂಡತಿ ಭಾಗ್ಯಲಕ್ಷ್ಮಿ ಕೂಡ ಶುರು ಮಾಡಿದ್ದಾಳೆ. "ನೋಡ್ರೀ, ಸಿದ್ದರಾಜಣ್ಣ ಬಂದ್ ಹತ್ತ್ ದಿನಕ್ಕೆ ಊರಿನ್ ಪಂಪ್‌ಸೆಟ್ಟೆಲ್ಲ ರಿಪೇರಿ ಮಾಡವ್ರೆ. ನಮ್ಮನೆ ನಲ್ಲಿ ವಾಸರ್ ಬದಲಾಯ್ಸೋಕೆ ನಿಮ್ಗೆ ಮೂರ್ ತಿಂಗ್ಳಿಂದ ಪುರುಸೊತ್ತಿಲ್ಲ" ಅಂತಾಳೆ. ಸಮುದ್ರದಲ್ಲಿದ್ದಾಗ ಸಮುದ್ರದ ಹೀರೋ, ನೆಲಕ್ಕೆ ಬಂದರೆ ನೆಲದ ಹೀರೋ. ನಿನಗೆ ಸೋಲುವುದು ಹೇಗೆಂದೇ ಗೊತ್ತಿಲ್ಲ ಬಿಡು.

ಸಿಟ್ಟಾಗಿದ್ದೀಯಾ? ಒಂದು ಸಾಲು ಬರೆ.

ಅಪ್ಪಾಜಿ

*

ಶಿವಪುರ
10 ಆಗಸ್ಟ್ 2025

ಅಪ್ಪಾಜಿ,

ಸಿಟ್ಟಿಲ್ಲ ಕಣ್ಲಾ. ಹಡಗಿನ್ ಕೆಲ್ಸ ಕೊಡ್ಸೋ ಮುಂಬೈ ಏಜೆಂಟ್‌ಗೆ ದಿನಾ ಫೋನ್ ಮಾಡ್ತಿದ್ದೆ, ಅದ್ಕೇ ಬರ್ಯಾಕೆ ಮನಸಾಗ್ಲಿಲ್ಲ. ನಿನ್ನೆ ನೇರ ಯೋಳ್ಬುಟ್ಟ. ಹೆದ್ರಿ ಇಳ್ದೋರು ಪಟ್ಟೀಲಿ ಕೊನೇಗಂತೆ, ನನ್ ವಯಸ್ಸಿಗೆ ಕೊನೆ ಅಂದ್ರೆ ಇಲ್ಲ ಅಂತ್ಲೇ. ಈ ಕೈ ಮೂವತ್ತು ವರ್ಸ ವಾಲ್ವ್ ತಿರುಗ್ಸಿದ್ದು. ಪಂಪ್‌ಸೆಟ್ ರಿಪೇರಿ ಎಷ್ಟ್ ದಿನ ಅಂತ ಸಿಗ್ತದೆ?

ನಿಂಗೆ ಬೇಜಾರ್ ಬೇಡ. ನೀನು ಓದಿ ಯೋಳ್ದೆ, ನಾನು ಕೇಳ್ದೆ. ಅದು ಹಂಗಾಗ್ಲಿಲ್ಲ ಅಂದ್ರೆ ನಿನ್ ತಪ್ಪೇನು? ಚಪ್ಪಾಳೆ ಯಾಕೆ ಹೊಡ್ದೆ ಅಂತೀಯಲ್ಲ, ಚೆನ್ನಾಗ್ ಮಾತಾಡ್ದೆ, ಅದ್ಕೇ ಹೊಡ್ದೆ.

ಭಾಗ್ಯಮ್ಮಂಗೆ ಯೋಳು, ಭಾನುವಾರ ಬತ್ತೀನಿ, ನಲ್ಲಿ ನೋಡ್ತೀನಿ.

ಸಿದ್ದ

*

ಮದ್ದೂರು
14 ಸೆಪ್ಟೆಂಬರ್ 2025

ಸಿದ್ದರಾಜು,

ನೀನು ಬಂದು ನಲ್ಲಿ ಸರಿಮಾಡಿ, ನಮ್ಮ ಮನೆಯ ಮುದ್ದೆ ಉಂಡು, ನನ್ನ ಹೆಗಲ ಮೇಲೆ ಕೈಹಾಕಿ ಹೋದೆ. ಅವತ್ತೇ ಹೇಳಬೇಕಿತ್ತು. ಈ ಕಾಗದ ತೇಜು ಕೈಗೆ ಕೊಡುವುದಿಲ್ಲ, ಅಂಚೆಗೆ ಹಾಕುತ್ತೇನೆ.

ಹೋದ ವಾರ ಕಿರುಪರೀಕ್ಷೆ ಇಟ್ಟಿದ್ದೆ. ಹಾರ್ಮುಜ್ ಜಲಸಂಧಿಯ ಆರ್ಥಿಕ ಮಹತ್ವವನ್ನು ವಿವರಿಸಿ, ಐದು ಅಂಕ. ತೇಜು ಹೀಗೆ ಬರೆದಿದ್ದಾಳೆ: 'ಇರಾನ್ ತನ್ನ ಎಣ್ಣೆಯನ್ನೂ ಇದೇ ದಾರಿಯಲ್ಲಿ ಮಾರುತ್ತದೆ. ಮುಚ್ಚಿದರೆ ಮೊದಲು ಉಸಿರುಗಟ್ಟುವುದು ಅದಕ್ಕೇ. ಅದರ ದೊಡ್ಡ ಗಿರಾಕಿ ಚೀನಾ ಸುಮ್ಮನಿರುವುದಿಲ್ಲ. ಎಂಬತ್ತರ ದಶಕದ ಎಂಟು ವರ್ಷದ ಯುದ್ಧದಲ್ಲಿ ಹಡಗುಗಳಿಗೆ ಹೊಡೆದರೂ ದಾರಿ ಮುಚ್ಚಲಿಲ್ಲ. ಆದ್ದರಿಂದ ಈ ಸಲವೂ ಹೆದರಿಸುತ್ತಾರೆ, ಮುಚ್ಚುವುದಿಲ್ಲ.' ಒಂದಕ್ಷರ ಹೆಚ್ಚುಕಮ್ಮಿ ಇಲ್ಲ, ನನ್ನದೇ ವಾಕ್ಯಗಳು. ಜೂನ್ ಹದಿನೆಂಟನೇ ತಾರೀಕು ಬೆಳಿಗ್ಗೆ ಹತ್ತೂವರೆಯ ಪಾಠದಲ್ಲಿ ನಾನೇ ಬರೆಸಿದ ನೋಟ್ಸು. ಅದನ್ನು ಬರೆಸಿ ಮನೆಗೆ ಬಂದು ಸಂಜೆ ನಿನಗೆ ಆ ನಾಲ್ಕು ಪುಟ ಬರೆದೆ.

ಎಂಟು ವರ್ಷದ ಯುದ್ಧದಲ್ಲಿ ದಾರಿ ಮುಚ್ಚಲಿಲ್ಲ ಎಂಬ ಸಾಲನ್ನು ನಿನ್ನ ಕಾಗದದಿಂದ ನಾನು ಬೇಕೆಂದೇ ಬಿಟ್ಟೆ. ಮರೆತದ್ದಲ್ಲ.

ಪೇಪರು ಕೈಯಲ್ಲಿ ಹಿಡಿದು ಅವಳನ್ನು ಕಾರಿಡಾರಿಗೆ ಕರೆದೆ. "ಇದನ್ನ ಅವತ್ತು ನಿಮ್ಮಪ್ಪನಿಗೆ ಹೇಳಿದ್ಯೇನಮ್ಮ?" ಅಂದೆ. "ಇಲ್ಲ ಸಾರ್. ನೀವು ಇಳಿ ಅಂತ ಬರೆದಿದ್ದೀರಂತೆ, ಅಮ್ಮ ಹೇಳಿದ್ರು. ಅಪ್ಪ ಮನೇಗೆ ಬರ್ಲಿ ಅಂತ ಸುಮ್ನಿದ್ದೆ" ಅಂದಳು. ಆಮೇಲೆ ನನ್ನ ಮುಖ ನೋಡಿ, "ನೀವೂ ಅದಕ್ಕೇ ತಾನೇ ಸಾರ್ ಹಾಗ್ ಬರ್ದಿದ್ದು?" ಅಂತ ಕೇಳಿದಳು. ನಾನು ಹೂಂ ಅಂದುಬಿಟ್ಟೆ. ಆ ಮಗುವಿಗೂ ಸುಳ್ಳು ಹೇಳಿದೆ.

ನಿನ್ನ ಜೀವದ ಮೇಲಿನ ಆಸೆಯಿಂದ ಇಳಿ ಅನ್ನಲಿಲ್ಲ ಸಿದ್ದ. ನೀನು ಊರಿಗೆ ಬಂದು ನನ್ನ ಹಾಗೆ ಆಗಬೇಕಿತ್ತು. ನೀನು ಡಬಲ್ ಸಂಬಳ ತೆಗೆದುಕೊಂಡು ಆ ಜಲಸಂಧಿ ದಾಟಿ, ಮುಂದಿನ ರಜೆಯಲ್ಲಿ ಟೀ ಅಂಗಡಿಯಲ್ಲಿ ಕಾಲ ಮೇಲೆ ಕಾಲು ಹಾಕಿ ಅದರ ಕಥೆ ಹೇಳುವುದು ನನ್ನ ಕಣ್ಣಿಗೆ ಕಟ್ಟಿತು. ಮರಿಸಿದ್ದಯ್ಯ ಬೀಡಿ ಆರಿಸಿ ಕೇಳುವುದೂ ಕಂಡಿತು. ತಡೆಯಲಾಗಲಿಲ್ಲ. ಮೂವತ್ತು ವರ್ಷದಲ್ಲಿ ಮೊದಲ ಸಲ ನೀನು ನನ್ನನ್ನು ಏನೋ ಕೇಳಿದ್ದೆ. ಆ ಒಂದು ಸಲ ನಾನು ಹೀಗೆ ಮಾಡಿದೆ.

ಹೊಟ್ಟೆಕಿಚ್ಚು ಅನ್ನು, ನೀಚತನ ಅನ್ನು. ಶಿವಪುರದಲ್ಲಿ ನಾಲ್ಕು ಜನರ ಮುಂದೆ ಕೆನ್ನೆಗೆ ಹೊಡಿ, ತಲೆ ತಗ್ಗಿಸಿ ನಿಲ್ಲುತ್ತೇನೆ. ಏಜೆಂಟನಿಗೆ ಫೋನ್ ಮಾಡಿ ಹೇಳು ಅಂದರೆ ಹೇಳುತ್ತೇನೆ. ಸುಮ್ಮನೆ ಮಾತ್ರ ಇರಬೇಡ.

ಅಪ್ಪಾಜಿ

*

ಶಿವಪುರ
3 ಅಕ್ಟೋಬರ್ 2025

ಅಪ್ಪಾಜಿ,

ನಿನ್ ಕಾಗ್ದ ಬಂದು ಎರಡು ವಾರ ಆಯ್ತು.

ತೇಜೂನ ಬಯ್ಲಿಲ್ಲ. ಅಪ್ಪ ಬೇಕು ಅಂದ್ಳು, ಅದ್ರಲ್ಲೇನು ತಪ್ಪು. ನಿನ್ ಹೊಟ್ಟೆಕಿಚ್ಚೂ ನಂಗೆ ಹೊಸಾದಲ್ಲ. ನಂಗೂ ಇತ್ತು ಕಣ್ಲಾ. ನನ್ ಮಗಳು ಮೊದ್ಲು ನಡ್ದದ್ದು ನಾನು ನೋಡಿಲ್ಲ, ಸ್ಕೂಲಿಗೆ ಸೇರಿದ್ದು ನೋಡಿಲ್ಲ. ನೀನು ದಿನಾ ಅವ್ಳ ಮುಖ ನೋಡ್ಕೊಂಡ್ ಪಾಠ ಮಾಡ್ತೀಯ, ಸಂಜೆ ಮನೇಗೋಗಿ ಬಿಸಿ ಮುದ್ದೆ ಉಣ್ತೀಯ. ನಡು ನೀರಲ್ಲಿ ನಿಂತ್ಕೊಂಡು ಅದ್ನ ನೆನ್ಸ್ಕೊಂಡು ಎಷ್ಟ್ ಸಲ ಉರ್ಕೊಂಡಿದ್ದೀನಿ. ಅದ್ಕೇ ಅದ್ನ ಬುಟ್ಟಾಕು. ಬಾಂಬ್ ಬಿದ್ದಿದ್ರೆ ನೀನ್ ಬರ್ದದ್ದು ನಿಜಾನೂ ಆಗ್ತಿತ್ತು.

ನಿಂಗೆ ಗೊತ್ತಿಲ್ದಿರೋದು ಒಂದೈತೆ. ನಾನೂ ಯೋಳಿರ್ಲಿಲ್ಲ. ನಿನ್ ನಾಕು ಪುಟ ಬಂದಾಗ ನಾನೊಬ್ನೇ ಓದ್ಲಿಲ್ಲ. ಹಡಗಿನ್ ಊಟದ್ ಕೋಣೇಲಿ ಎಲ್ರೂ ತಲೆ ಮೇಲೆ ಕೈಹೊತ್ಕೊಂಡು ಕೂತಿದ್ರು. ನನ್ ಫ್ರೆಂಡು ದೊಡ್ಡ ಲೆಕ್ಚರ್ರು, ಇದ್ನೇ ಓದಿರೋನು, ಬಾಯಿಗ್ ಬಂದಂಗೆ ಯೋಳೋನಲ್ಲ ಅಂತ ಫೋನ್ ಹಿಡ್ಕೊಂಡು ಒಂದೊಂದೇ ಸಾಲು ಹಿಂದೀಲಿ ಯೋಳ್ದೆ. ಮೂವತ್ತು ವರ್ಸದಿಂದ ಹತ್ತಿದ್ ಹಡಗಲ್ಲೆಲ್ಲ ನಿನ್ ವಿಸ್ಯ ಯೋಳ್ಕೊಂಡೇ ತಿರುಗಿದ್ದೀನಿ, ನಂ ಸ್ನೇಹಿತ ಎಂ.ಎ. ಅಂತ. ಅವತ್ತು ಎಲ್ರೂ ಉಸ್ರು ಬುಡ್ದೆ ಕೇಳಿದ್ರು. ಕೇರಳದ್ ಕುಕ್ಕು, ಬಿಹಾರದ್ ಫಿಟ್ಟರು ಇಬ್ರೂ ಅಲ್ಲೀಗಂಟ ಓಗ್ತೀವಿ ಅಂತಿದ್ದೋರು, ಕೇಳಾದ್ಮೇಲೆ ನನ್ ಜೊತೆ ಲಾಂಚ್ ಹತ್ತಿದ್ರು.

ಫಿಟ್ಟರಿಗೆ ಹೆಂಗೋ ಕೆಲ್ಸ ಸಿಕ್ತು. ಕುಕ್ಕಿಗೆ ಐವತ್ತೇಳು, ಅವ್ನಿಗಿನ್ನ ಸಿಗಾಕಿಲ್ಲ. ವಾರಕ್ಕೊಂದ್ ಸಲ ಫೋನ್ ಮಾಡ್ತಾನೆ. ಒಂದ್ ಸಲಾನೂ ಬಯ್ದಿಲ್ಲ. ನಿನ್ ಸ್ನೇಹಿತ ಒಳ್ಳೇದಕ್ಕೇ ಯೋಳಿದ್ದು, ನಮ್ ನಸೀಬು ಅಂತಾನೆ. ಇದ್ನ ಕೇಳ್ಕೊಂಡು ನಾನೂ ಹೂಂ ಅಂತಿದ್ದೆ. ನಿನ್ ಕಾಗ್ದ ಬಂದ್ಮೇಲೆ ಅವ್ನ ಫೋನ್ ಎತ್ತಿಲ್ಲ.

ನಂಗೊಂದು ಸಣ್ಣ ಹಡಗು ಸಿಕ್ಕದೆ, ಕೊಚ್ಚಿಯಿಂದ ನಾಳಿದ್ದು. ಸಂಬ್ಳ ಅರ್ಧ. ಯಾವ ದಾರೀಲಿ ಓಯ್ತದೋ ಗೊತ್ತಿಲ್ಲ, ಓಗ್ಲಾ ಬೇಡ್ವಾ ಅಂತ ಈ ಸಲ ಯಾರ್ನೂ ಕೇಳ್ಲಿಲ್ಲ.

ಕುಕ್ಕಿನ್ ಹೆಸ್ರು, ವಿಳಾಸ ಹಿಂದ್ಗಡೆ ಬರ್ದಿದ್ದೀನಿ. ಅವ್ನಿಗೆ ಕಾಗ್ದ ಬರಿ. ಕನ್ನಡ ಬರಾಕಿಲ್ಲ, ಇಂಗ್ಲಿಸಲ್ಲಿ ಬರಿ. ನಂಗ್ ಬರ್ದಂಗೇ ಎಲ್ಲಾನೂ ಬರಿ, ಬುಟ್ಟ ಸಾಲೂ ಸೇರ್ಸು. ನಂಗೆ ಇನ್ನ ಬರೀಬೇಡ.

ಸಿದ್ದರಾಜು